ಎದುರಾಳಿ ತಲೆಯಾಡಿಸುವವರೆಗೆ

ನಾನು ಪದ್ಯ ಓದಲು ಶುರು ಮಾಡಿದರೆ ಮಾಗಡಿ ರಸ್ತೆಯ ಬಸ್ಸುಗಳು ಹಾರನ್ ಹೊಡೆಯುವುದನ್ನು ನಿಲ್ಲಿಸುತ್ತವೆ. ನಂಬಿಕೆ ಬರದಿದ್ದರೆ ಬಸವೇಶ್ವರನಗರಕ್ಕೆ ಬಂದು ನಮ್ಮ ಜ್ಞಾನಕುಂಜರ ವಿದ್ಯಾಶಾಲೆಯ ಎದುರು ಎಳನೀರು ಮಾರುವವನನ್ನು ಕೇಳಿ. ಅವನು ಇಲ್ಲ ಅಂದರೆ ಅವನ ಕಿವಿ ಹೋಗಿದೆ ಅಂತ ತಿಳಿಯಿರಿ, ಅದಕ್ಕೂ ನನ್ನ ಕಂಠವೇ ಕಾರಣ.

ಹೆಸರು ಕೆಂಚಪ್ಪ. ಊರು ಹೆಗ್ಗನಹಳ್ಳಿ. ನಮ್ಮ ತಾತ ರಾಗಿ ಬಿತ್ತುತ್ತಿದ್ದ ಹೊಲದಲ್ಲಿ ಈಗ ಒಂದು ಜಿಮ್ಮು, ಒಂದು ಬೇಕರಿ, ಅದರ ಮೇಲೆ ಬಾಡಿಗೆಯವರು ಬಟ್ಟೆ ಒಣಗಿಸುವ ಬಾಲ್ಕನಿಗಳು. ಹೀಗಾಗಿ ಸಂಬಳಕ್ಕೆ ಪಾಠ ಹೇಳುವ ದರ್ದು ನನಗಿಲ್ಲ. ಹಳಗನ್ನಡ ನನಗೆ ಹುಡುಗನಾಗಿದ್ದಾಗ ಹತ್ತಿಕೊಂಡ ಜ್ವರ, ಇನ್ನೂ ಇಳಿದಿಲ್ಲ. ನಮ್ಮ ಶಾಲೆಯ ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ವಾರಕ್ಕೆ ನಾಲ್ಕು ಪಿರಿಯಡ್ ಆ ಜ್ವರ ಹತ್ತಿಸುವುದು ನನ್ನ ಕೆಲಸ. ಪರೀಕ್ಷೆಗೆ ಬರುವ ಪಾಠ ಬೇರೆ ಮೇಷ್ಟ್ರು ಮಾಡುತ್ತಾರೆ. ನನ್ನದು ಪರೀಕ್ಷೆ ಇಲ್ಲದ ಪಿರಿಯಡ್. ಅದನ್ನು ಶಾಲೆ ಕಟ್ಟಿದ ಹಿರಿಯರೇ ಶುರು ಮಾಡಿದ್ದು, ನಾನು ಅದನ್ನು ಹಿಮಾಲಯದ ಎತ್ತರಕ್ಕೆ ಏರಿಸಿದವನು.

ಆ ಪಿರಿಯಡ್ ನಡೆಯುವುದು ಹೀಗೆ. ಒಬ್ಬರು ಪದ್ಯವನ್ನು ರಾಗವಾಗಿ ಓದಬೇಕು. ಇನ್ನೊಬ್ಬರು ಪದ ಬಿಡಿಸಿ ಅರ್ಥ ಹೇಳಬೇಕು. ಆಮೇಲೆ ಪದ್ಯದಲ್ಲಿ ನಡೆದದ್ದು ಸರಿಯೋ ತಪ್ಪೋ ಅಂತ ಇಬ್ಬರು ಎದ್ದು ವಾದಕ್ಕೆ ನಿಲ್ಲಬೇಕು. ವಾದಕ್ಕೆ ಒಂದೇ ಕಟ್ಟಳೆ. ನಿನ್ನ ಮಾತು ಹೇಳುವ ಮುಂಚೆ ಎದುರಾಳಿಯ ಮಾತನ್ನು ನೀನೇ ಹೇಳಬೇಕು, ಅದೂ ಅವನೇ ಹೌದು ಅಂತ ತಲೆಯಾಡಿಸುವಷ್ಟು ಚೆನ್ನಾಗಿ. ಅವನು ಆಡಿಸುವವರೆಗೆ ನಿನಗೆ ಮುಂದಕ್ಕೆ ದಾರಿಯಿಲ್ಲ. ಹಿಂದಿನ ಪಂಡಿತರು ಇದಕ್ಕೆ ಪೂರ್ವಪಕ್ಷ ಅನ್ನುತ್ತಿದ್ದರು. ಮಕ್ಕಳು ‘ತಲೆ ಪಿರಿಯಡ್’ ಅನ್ನುತ್ತಾರೆ. ಮನೆಯಲ್ಲೂ ಹಾಗೇ ಮಾಡಿ ತಂದೆತಾಯಿಗೆ ತಲೆಬಿಸಿ ಮಾಡುತ್ತಾರಂತೆ.

ಅಂಥ ಒಬ್ಬ ತಲೆಬಿಸಿಯಾದ ತಂದೆ ಗಿರಿರಾಜ್. ರಾಜಾಜಿನಗರದಲ್ಲಿ ನಲ್ಲಿ, ಶವರ್, ಬಾತ್‌ರೂಮ್ ಫಿಟಿಂಗ್ಸಿನ ದೊಡ್ಡ ಅಂಗಡಿ. ಒಳಗೆ ಹೋದರೆ ಅರಮನೆಗೆ ಬಂದೆನೋ ಬಚ್ಚಲಿಗೆ ಬಂದೆನೋ ಗೊತ್ತಾಗದಷ್ಟು ಹೊಳಪು. ಮಗಳು ಚೈತನ್ಯಾ ನನ್ನ ಒಂಬತ್ತನೇ ಕ್ಲಾಸಿನಲ್ಲಿ ಮೊದಲ ಬೆಂಚು. ಗಿರಿರಾಜ್ ನಮ್ಮ ಶಾಲೆಯ ಆಡಳಿತ ಸಮಿತಿಗೆ ಬಂದ ವರ್ಷವೇ ಒಂದು ಸಲಹೆ ಇಟ್ಟರು. ಹಳಗನ್ನಡದ ನಾಲ್ಕೂ ಪಿರಿಯಡ್ ತೆಗೆದು, ಆ ಹೊತ್ತಿಗೆ ರೋಬೋಟಿಕ್ಸ್ ಹಾಕಬೇಕು. ಲ್ಯಾಬಿಗೆ ಬೇಕಾದ ಸಾಮಾನನ್ನು ಅವರೇ ಕೊಡಿಸುತ್ತಾರೆ.

ಸ್ಟಾಫ್ ರೂಮಿಗೇ ಬಂದು ನನಗೆ ಮುಖಾಮುಖಿ ಹೇಳಿದರು. ಅದಕ್ಕೆ ಅವರನ್ನು ಮೆಚ್ಚಬೇಕು.

“ಮೇಷ್ಟ್ರೇ, ನಿಮ್ಮ ಮೇಲೆ ನನಗೇನೂ ಇಲ್ಲ. ನೀವು ಹಾಡಿದರೆ ಚೆನ್ನಾಗಿರುತ್ತೆ.”

“ಚೆನ್ನಾಗಿರುತ್ತೆ ಅಂದರೆ ಸಾಲದು. ಕಳೆದ ವರ್ಷ ನಾನು ಓದಿದ್ದಕ್ಕೆ ಮಹಾಲಕ್ಷ್ಮಿ ಲೇಔಟಿನಲ್ಲಿ ಮಳೆ ಬಂತು.”

“ಬರಲಿ ಬಿಡಿ. ಆದರೆ ಪಕ್ಕದ ಶಾಲೆ ಮಕ್ಕಳು ಓಡಾಡೋ ಮಿಷನ್ ಮಾಡ್ತಾ ಇದಾರೆ. ನಮ್ಮ ಮಕ್ಕಳು ಕುದುರೆ, ಕತ್ತಿ, ಕಿರೀಟ ಅಂತ ಕೂತಿದಾವೆ. ಶನಿವಾರ ಮೀಟಿಂಗ್ ಇದೆ. ನಿಮ್ಮ ಮಾತು ನೀವು ಹೇಳಿ, ನನ್ನದು ನಾನು ಹೇಳ್ತೀನಿ.”

“ನಿಮ್ಮದನ್ನೂ ನಾನೇ ಹೇಳ್ತೀನಿ ಬಿಡಿ” ಅಂದೆ. ಅವರು ನಕ್ಕರು. ನಾನು ನಗಲಿಲ್ಲ.

ಶನಿವಾರ ಲೈಬ್ರರಿಯಲ್ಲಿ ಸಭೆ. ಅಧ್ಯಕ್ಷರು ಕಮಲಾಕ್ಷಮ್ಮ, ಶಾಲೆ ಕಟ್ಟಿದ ಹಿರಿಯರ ಮಗಳು, ಸರ್ಕಾರಿ ಕಚೇರಿಯ ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ಅವರು ಕನ್ನಡಕದ ಮೇಲಿಂದ ನೋಡಿದರೆ ಫ್ಯಾನು ತಾನಾಗಿ ನಿಧಾನವಾಗುತ್ತದೆ. ಪಕ್ಕದಲ್ಲಿ ಖಜಾಂಚಿ ಬಸವಲಿಂಗಪ್ಪ. ಅವರ ಕಣ್ಣು ಬಾಗಿಲ ಮೇಲೆ, ಯಾಕೆಂದರೆ ದರ್ಶಿನಿಯಿಂದ ಖಾರಾಬಾತ್, ಕೇಸರಿಬಾತ್ ಬರಬೇಕಿತ್ತು. ಇನ್ನೊಂದಷ್ಟು ಸದಸ್ಯರು. ಮೂಲೆಯಲ್ಲಿ ಮಕ್ಕಳ ಪರವಾಗಿ ಚೈತನ್ಯಾ.

ನಾನು ಎದ್ದೆ. ಕಟ್ಟಳೆ ಕಟ್ಟಳೆಯೇ, ಅದು ಮಕ್ಕಳಿಗೊಂದು ಮೇಷ್ಟ್ರಿಗೊಂದು ಅಲ್ಲ. ಮೊದಲು ಗಿರಿರಾಜರ ಪಕ್ಷ.

“ಮಗುವಿನ ದಿನದಲ್ಲಿ ಇರೋದು ಕೆಲವೇ ಗಂಟೆ” ಅಂತ ಶುರು ಮಾಡಿದೆ. “ಹಳೇ ಮಾತಿಗೆ ಕೊಟ್ಟ ಪ್ರತಿ ಗಂಟೆ ಹೊಸ ಕೆಲಸದಿಂದ ಕಿತ್ತುಕೊಂಡದ್ದು. ನಾಳೆ ಈ ಮಗು ಕೆಲಸಕ್ಕೆ ಹೋದಾಗ ಯಾರೂ ಇದನ್ನು ಹಳಗನ್ನಡದಲ್ಲಿ ಮಾತಾಡಿಸಲ್ಲ. ಎಂದೋ ತೀರಿಹೋದವರ ಗೌರವಕ್ಕೆ ಬದುಕಿರೋ ಮಕ್ಕಳ ಹೊತ್ತು ಯಾಕೆ ಕೊಡಬೇಕು? ಇನ್ನೂ ಒಂದು ಮಾತು. ಮಗು ಮಿಷನ್ ತಪ್ಪಾಗಿ ಕಟ್ಟಿದರೆ ಮಿಷನ್ನೇ ಓಡದೆ ನಿಂತು ತಪ್ಪು ತೋರಿಸುತ್ತೆ. ಅಲ್ಲಿ ಜಾತಿಯಿಲ್ಲ, ಶಿಫಾರಸಿಲ್ಲ, ಮೇಷ್ಟ್ರ ಮುಲಾಜಿಲ್ಲ. ಪದ್ಯಕ್ಕೆ ತಪ್ಪು ಅರ್ಥ ಹೇಳಿದರೆ ಮೇಷ್ಟ್ರೇ ತಿದ್ದಬೇಕು. ಮೇಷ್ಟ್ರಿಗೂ ತಪ್ಪು ತಿಳಿದಿದ್ದರೆ ಇಡೀ ಕ್ಲಾಸು ಸಾಯೋವರೆಗೂ ಆ ತಪ್ಪನ್ನೇ ಹೊತ್ತು ತಿರುಗುತ್ತೆ. ಸುಳ್ಳು ಹೇಳೋಕೆ ಬಾರದ ಗುರು ಬೇಕು ಅಂದರೆ ಮಿಷನ್ ತನ್ನಿ.”

ಗಿರಿರಾಜರ ತಲೆ ಮೊದಲ ವಾಕ್ಯಕ್ಕೇ ಆಡಲು ಶುರುವಾಗಿತ್ತು. ಕೊನೆಗೆ ಬರುವ ಹೊತ್ತಿಗೆ ಅವರ ಕಣ್ಣಂಚು ಒದ್ದೆ. ತಮ್ಮ ಮನಸ್ಸಿನಲ್ಲಿ ಇಷ್ಟು ಒಳ್ಳೆಯ ವಿಚಾರವಿತ್ತು ಅಂತ ಅವರಿಗೇ ಗೊತ್ತಿರಲಿಲ್ಲ. ನಾನು ಉಸಿರು ತೆಗೆದುಕೊಳ್ಳಲು ನಿಂತೆ, ಇನ್ನು ಖಂಡನೆ ಶುರು ಮಾಡಬೇಕು, ಬ್ರಹ್ಮಾಂಡ ನಡುಗಬೇಕು.

ಅಷ್ಟರಲ್ಲಿ ಬಾಗಿಲಿನಿಂದ ಖಾರಾಬಾತಿನ ವಾಸನೆ ಬಂತು.

“ಮೇಷ್ಟ್ರೇ ಒಪ್ಪಿಕೊಂಡ ಮೇಲೆ ಇನ್ನೇನಿದೆ” ಅಂತ ಬಸವಲಿಂಗಪ್ಪ ಕೈ ಎತ್ತಿದರು. “ದೊಡ್ಡ ಮನಸ್ಸು ಕಣ್ರೀ ಇವರದು. ರೋಬೋಟಿಕ್ಸ್‌ಗೆ ನನ್ನ ಒಪ್ಪಿಗೆ.” ಪಕ್ಕದವರು ಕೈ ಎತ್ತಿದರು. ಅವರ ಪಕ್ಕದವರೂ ಎತ್ತಿದರು. ಒಬ್ಬರು ಚಪ್ಪಾಳೆ ತಟ್ಟಿದರು.

“ಸ್ವಾಮೀ, ಇದು ನನ್ನ ಪಕ್ಷ ಅಲ್ಲ” ಅಂದೆ.

“ಇಷ್ಟು ಚೆನ್ನಾಗಿ ಹೇಳಿ ಈಗ ಅಲ್ಲ ಅಂದರೆ ಯಾರು ನಂಬ್ತಾರೆ” ಅಂದರು ಬಸವಲಿಂಗಪ್ಪ, ತಟ್ಟೆ ಹತ್ತಿರಕ್ಕೆ ಎಳೆದುಕೊಳ್ಳುತ್ತಾ.

ಲೋಕದ ಚರಿತ್ರೆಯಲ್ಲಿ ತನ್ನದೇ ವಾದದ ಅರ್ಧದಲ್ಲಿ ಇಷ್ಟು ಅದ್ಭುತವಾಗಿ ಸೋತವನು ನಾನೊಬ್ಬನೇ. ಬೇರೆಯವರಿಗೆ ಈ ಸೋಲು ಬರಲು ಸಾಧ್ಯವೇ ಇಲ್ಲ, ಅಷ್ಟು ಚೆನ್ನಾಗಿ ಮಾತಾಡಲು ಅವರಿಗೆ ಬರುವುದಿಲ್ಲ. ಆದರೂ ಮೂಲೆಯಲ್ಲಿ ಚೈತನ್ಯಾಳ ಮುಖ ನೋಡಲಿಲ್ಲ. ನೋಡಿದ್ದರೆ ಕೇಸರಿಬಾತ್ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆಗ ಕಮಲಾಕ್ಷಮ್ಮ ಕನ್ನಡಕದ ಮೇಲಿಂದ ನೋಡಿದರು.

“ಕೈ ಇಳಿಸಿ ಎಲ್ಲರೂ. ನಾನೂ ಇದೇ ಕ್ಲಾಸಿನಲ್ಲಿ ಕೂತು ಕಲಿತವಳು. ಇಲ್ಲಿವರೆಗೆ ಬಂದಿರೋದು ಒಂದೇ ಪಕ್ಷ. ಇನ್ನೊಂದು ಪಕ್ಷ ಇನ್ನೂ ಈ ರೂಮಿಗೆ ಬಂದಿಲ್ಲ.”

“ಹಾಗಾದರೆ ಮೇಷ್ಟ್ರು ಹೇಳಲಿ” ಅಂದರು ಗಿರಿರಾಜ್.

“ಅವರದನ್ನ ಅವರು ಹೇಳೋದರಲ್ಲಿ ಏನಿದೆ? ನಿಮ್ಮದನ್ನ ಅವರು ಹೇಳಿದ್ರು, ನೀವು ತಲೆಯಾಡಿಸಿದ್ರಿ. ಈಗ ಅವರದನ್ನ ನೀವು ಹೇಳಿ. ಮೇಷ್ಟ್ರು ತಲೆಯಾಡಿಸಿದ ಮೇಲೆ ನಿಮ್ಮ ಖಂಡನೆ, ಆಮೇಲೆ ವೋಟು. ಅಲ್ಲಿವರೆಗೆ ಟೈಮ್‌ಟೇಬಲ್ ಇದ್ದ ಹಾಗೇ ಇರಲಿ.”

ಗಿರಿರಾಜ್‌ಗೆ ಇದು ಸುಲಭ ಅನ್ನಿಸಿತು. ಕೋಟಿನ ಗುಂಡಿ ಹಾಕಿಕೊಂಡು ಎದ್ದರು. “ನಮ್ಮ ಸಂಸ್ಕೃತಿ ಉಳಿಯಬೇಕು. ನಮ್ಮ ಪರಂಪರೆ ಮುಂದಿನ ಪೀಳಿಗೆಗೆ ಹೋಗಬೇಕು. ಬೇರು ಮರೆತರೆ ಮರ ಇಲ್ಲ. ಅದಕ್ಕೆ ಹಳಗನ್ನಡ ಬೇಕು.” ಬಸವಲಿಂಗಪ್ಪ ಇದಕ್ಕೂ ಚಪ್ಪಾಳೆ ತಟ್ಟಿದರು, ಬಾಯಲ್ಲಿ ತುತ್ತು ಇಟ್ಟುಕೊಂಡೇ.

ನಾನು ತಲೆಯನ್ನು ಬಂಡೆಯ ಹಾಗೆ ಇಟ್ಟುಕೊಂಡೆ.

“ಯಾಕೆ ಮೇಷ್ಟ್ರೇ?”

“ಉಳಿಸೋದಕ್ಕೆ ಮ್ಯೂಸಿಯಂ ಇದೆ ಸಾರ್. ನಾನು ಮಕ್ಕಳಿಗೆ ಪಾಠ ಹೇಳ್ತೀನಿ, ಉಪ್ಪಿನಕಾಯಿ ಹಾಕಲ್ಲ.”

ಮುಂದಿನ ವಾರ ಗಿರಿರಾಜ್ ಇಂಟರ್ನೆಟ್ಟನ್ನೆಲ್ಲ ಅರೆದು ಕುಡಿದು ಬಂದರು. ಸ್ಟಾಫ್ ರೂಮಿನ ಬಾಗಿಲಲ್ಲೇ ಹೇಳಿದರು: ಹಳೇ ಪದ್ಯ ಬಾಯಿಪಾಠ ಮಾಡಿದರೆ ನೆನಪಿನ ಶಕ್ತಿ ಬೆಳೆಯುತ್ತೆ, ಉಚ್ಚಾರಣೆ ತಿದ್ದುತ್ತೆ, ಮೆದುಳಿನ ಎರಡೂ ಭಾಗ ಚುರುಕಾಗುತ್ತೆ, ಮುಂದೆ ಮಾರ್ಕ್ಸಿಗೂ ಅನುಕೂಲ.

“ಇದಕ್ಕೆಲ್ಲ ಬಾದಾಮಿ ತಿಂದರೂ ಸಾಕು” ಅಂದೆ.

“ಮತ್ತೆ ಇನ್ನೇನ್ರೀ ನಿಮ್ಮ ಪಿರಿಯಡ್ಡಿನಲ್ಲಿ ಇರೋದು?”

“ಬಂದು ಕೂತ್ಕೊಳ್ಳಿ.”

ಬಂದರು. ಶುಕ್ರವಾರ ಕೊನೆಯ ಪಿರಿಯಡ್, ಕೊನೆಯ ಬೆಂಚು. ಅವರ ಮೊಣಕಾಲು ಬೆಂಚಿನ ಕೆಳಗೆ ಹೋಗದೆ ಪಕ್ಕದ ದಾರಿಗೆ ಚಾಚಿಕೊಂಡಿತ್ತು. ಅಪ್ಪ ಬಂದದ್ದು ನೋಡಿ ಚೈತನ್ಯಾ ಮುಖ ಪುಸ್ತಕದಲ್ಲಿ ಹುದುಗಿಸಿಕೊಂಡಳು. ಅಂದಿನ ಪದ್ಯ ನಾಲ್ಕೇ ಸಾಲು. ಯುದ್ಧ ಗೆದ್ದ ಸೇನಾಪತಿ ಸಂಜೆ ಕೆರೆಗೆ ಬರುತ್ತಾನೆ. ಸೋತು ಓಡಿಹೋದವನ ಕುದುರೆ ಒಂಟಿಯಾಗಿ ನಿಂತಿದೆ. ಅದಕ್ಕೆ ಮೊದಲು ನೀರು ಕುಡಿಸುತ್ತಾನೆ, ತನ್ನ ಕುದುರೆಗೆ ಆಮೇಲೆ. ನಾನು ಆ ನಾಲ್ಕು ಸಾಲನ್ನು ಓದಿದಾಗ ಬೋರ್ಡಿನ ಮೇಲಿನ ಸೀಮೆಸುಣ್ಣದ ಪುಡಿ ತಾನಾಗಿ ಉದುರಿತು. ಮಕ್ಕಳು ಅರ್ಧ ಗಂಟೆ ಒಂದೊಂದು ಪದಕ್ಕೂ ಜಗ್ಗಾಡಿದರು. ಒಂದು ಪದ ಮಾತ್ರ ಸುಲಭಕ್ಕೆ ಅರ್ಥ ಬಿಟ್ಟುಕೊಡಲಿಲ್ಲ, ಅದನ್ನು ಬಗೆಹರಿಸದೆ ಯಾರೂ ಮುಂದಕ್ಕೆ ಹೋಗಲೂ ಇಲ್ಲ.

ಆಮೇಲೆ ವಾದ. ಸೇನಾಪತಿ ಮಾಡಿದ್ದು ಸರಿ ಅನ್ನುವ ಪಕ್ಷ ಚೈತನ್ಯಾಳದು. ತಪ್ಪು ಅನ್ನುವುದು ಕಶ್ಯಪ್ ಅನ್ನುವ ಹುಡುಗನದು. ಕಟ್ಟಳೆಯ ಪ್ರಕಾರ ಅವನ ಮಾತನ್ನು ಅವಳು ಹೇಳಬೇಕು.

“ದಿನವಿಡೀ ಅವನನ್ನ ಹೊತ್ತದ್ದು ಅವನ ಸ್ವಂತ ಕುದುರೆ. ಬೇರೆಯವರ ಮುಂದೆ ಒಳ್ಳೆಯವನಾಗೋಕೆ ಹೋಗಿ ಮನೆಯವರನ್ನ ಕಾಯಿಸಿದ. ಇದೇ ತಾನೇ ನಿನ್ನ ಮಾತು?” ಅಂದಳು.

ಕಶ್ಯಪ್ ತಲೆಯಾಡಿಸಲಿಲ್ಲ. “ಕೆರೆ ಹತ್ರ ನೋಡೋರು ಯಾರೂ ಇಲ್ವಲ್ಲ. ಯಾರ ಮುಂದೆ ಒಳ್ಳೆಯವನಾಗ್ತಾನೆ? ನಾನು ಹಾಗೆ ಹೇಳ್ಲಿಲ್ಲ.”

“ಸರಿ. ಸ್ವಂತ ಕುದುರೆ ಕಾಯುತ್ತೆ ಅಂತ ಅವನಿಗೆ ನಂಬಿಕೆ. ಆ ನಂಬಿಕೆಯನ್ನ ಅವನು ಬಳಸ್ಕೊಂಡ. ನಮ್ಮವರು ಕಾಯ್ತಾರೆ ಅಂತ ನಾವು ಯಾವಾಗ್ಲೂ ಅವರನ್ನೇ ಕಾಯಿಸ್ತೀವಿ.”

ಕಶ್ಯಪ್ ನಿಧಾನವಾಗಿ ತಲೆಯಾಡಿಸಿದ. ಕೊನೆಯ ಬೆಂಚಿನಲ್ಲಿ ಗಿರಿರಾಜ್ ಮೊಬೈಲನ್ನು ಜೇಬಿಗೆ ಹಾಕಿದರು. ವಾರದಲ್ಲಿ ಆರು ದಿನ ಅಂಗಡಿ ಮುಚ್ಚಿಕೊಂಡು ಮನೆಗೆ ಹೋಗುವಾಗ ಮಗಳು ಮಲಗಿರುತ್ತಾಳೆ ಅಂತ ಒಮ್ಮೆ ಅವರೇ ಹೇಳಿದ್ದುಂಟು. ಮುಂದಿನ ಪಿರಿಯಡ್ಡಿಗೂ ಬಂದರು. ಅದರ ಮುಂದಿನದಕ್ಕೂ ಬಂದರು.

ಆಮೇಲೊಂದು ಸೋಮವಾರ, ಕ್ಲಾಸು ಶುರುವಾಗುವ ಮೊದಲೇ ಎದ್ದು ನಿಂತರು.

“ಮೇಷ್ಟ್ರೇ, ಇನ್ನೊಂದು ಸಲ ನಿಮ್ಮ ಪಕ್ಷ ಹೇಳ್ತೀನಿ. ಮೊನ್ನೆ ಅಂಗಡಿಗೆ ಒಬ್ಬರು ಸೋರೋ ನಲ್ಲಿ ತಂದು ಜಗಳ ತೆಗೆದ್ರು. ನಾನು ಯಾವಾಗ್ಲೂ ಗಿರಾಕಿ ಬಾಯಿ ಮುಚ್ಚೋ ಮೊದಲೇ ಉತ್ತರ ಶುರು ಮಾಡೋನು. ಅವತ್ತು ನಿಮ್ಮ ಚಾಳಿ ಹತ್ತಿ, ಅವರ ದೂರನ್ನ ನಾನೇ ಅವರಿಗೆ ಹೇಳಿದೆ. ಅವರು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದೆ. ಹೇಳ್ತಾ ಹೇಳ್ತಾ ನನಗೇ ಗೊತ್ತಾಯ್ತು, ತಪ್ಪು ನಮ್ಮ ಪ್ಲಂಬರಂದು.”

ಮಕ್ಕಳು ನಕ್ಕರು. ಅವರು ನಗಲಿಲ್ಲ, ಹಣೆ ಒರೆಸಿಕೊಂಡರು.

“ಅವರು ಎದುರಿಗೆ ಇದ್ರು. ನಾನು ತಪ್ಪು ಹೇಳಿದ್ರೆ ಅಲ್ಲ ಅನ್ನೋಕೆ ಬಾಯಿತ್ತು. ಕುದುರೆ ಪದ್ಯ ಬರೆದೋನಿಗೆ ಆ ಬಾಯಿಲ್ಲ. ಎಂದೋ ಹೋದ. ಅವನಿಗೆ ನಮ್ಮ ಹೆಸರು ಗೊತ್ತಿಲ್ಲ, ನಮ್ಮನ್ನ ಮೆಚ್ಚಿಸೋಕೆ ಬರೆದೋನಲ್ಲ. ನಾವು ಏನು ಅರ್ಥ ಹಚ್ಚಿದ್ರೂ ಎದ್ದು ಬಂದು, ನಾನು ಹಾಗೆ ಹೇಳ್ಲಿಲ್ಲ ಅನ್ನಲ್ಲ. ಅದಕ್ಕೇ ಅವನ ಹತ್ರ ಇನ್ನೂ ಹುಷಾರಾಗಿ, ಇನ್ನೂ ನ್ಯಾಯವಾಗಿ ನಡ್ಕೋಬೇಕು. ಮಿಷನ್ ತಪ್ಪಾದ್ರೆ ನಿಂತುಹೋಗುತ್ತೆ ಅಂತ ನೀವು ನನ್ನ ಪರವಾಗಿ ಹೇಳಿದ್ರಲ್ಲ, ಇಲ್ಲಿ ಯಾವುದೂ ನಿಲ್ಲಲ್ಲ. ಯಾರೂ ತಪ್ಪು ಹಿಡಿಯದ ಕಡೆ ಮಕ್ಕಳು ಪ್ರಾಮಾಣಿಕವಾಗಿ ಇರೋಕೆ ಕಲೀಲಿ ಅಂತ ನಿಮ್ಮ ಪಿರಿಯಡ್ಡು. ಭಾಷೆ ಉಳಿಯೋದು, ನೆನಪು ಬೆಳೆಯೋದು, ಅವೆಲ್ಲ ಜೊತೆಗೆ ಬಂದ್ರೆ ಬರಲಿ. ಇಷ್ಟೇ ನನಗೆ ತಿಳಿದದ್ದು.”



ಈಗ ನಿಜ ಹೇಳಬೇಕಾದರೆ, ಇಪ್ಪತ್ತು ವರ್ಷದಿಂದ ನಾನು ಮಾಡುತ್ತಿದ್ದದ್ದನ್ನು ನಾನೇ ಯಾವತ್ತೂ ಹೀಗೆ ಹೇಳಿರಲಿಲ್ಲ. ನಲ್ಲಿ ಮಾರುವ ಮನುಷ್ಯನ ಬಾಯಲ್ಲಿ ಅದು ಬಂದದ್ದು ನನಗೆ ಸ್ವಲ್ಪ ಹೊಟ್ಟೆಯುರಿ. ಸ್ವಲ್ಪ ಅಂದೆನಾ? ಕೆಂಗೇರಿವರೆಗೆ ಬೆಂಕಿ ಹತ್ತುವಷ್ಟು. ಅದರ ಜೊತೆಗೇ ಇನ್ನೊಂದು ಯೋಚನೆ ಹೊಳೆಯಿತು, ನನ್ನ ತಲೆಯಲ್ಲಿ ಯೋಚನೆಗಳು ಜೋಡಿಯಾಗಿಯೇ ಬರುವುದು. ನಾನು ತಲೆಯಾಡಿಸಿದರೆ ಖಂಡನೆ, ಖಂಡನೆಯ ಹಿಂದೆ ವೋಟು, ವೋಟಿನ ಹಿಂದೆ ಬಸವಲಿಂಗಪ್ಪನವರ ಕೈ. ತಲೆಯಾಡಿಸದಿದ್ದರೆ ಟೈಮ್‌ಟೇಬಲ್ ಇದ್ದ ಹಾಗೇ ಇರುತ್ತೆ, ನಾನು ರಿಟೈರ್ ಆಗುವವರೆಗೂ, ಅದರಾಚೆಗೂ. ಕತ್ತಿಲ್ಲದ ವಿಗ್ರಹದ ಹಾಗೆ ನಿಂತುಬಿಟ್ಟರೆ ಗೆಲುವು ನನ್ನದೇ.

“ಪರವಾಗಿಲ್ಲ” ಅಂದೆ. “ಹತ್ತಿರ ಹತ್ತಿರ ಬಂದಿದೀರಿ. ಇನ್ನೂ ಸ್ವಲ್ಪ ಕಮ್ಮಿ ಇದೆ.”

“ಏನು ಕಮ್ಮಿ ಮೇಷ್ಟ್ರೇ?”

“ಅದನ್ನ ನಾನೇ ಹೇಳಿದ್ರೆ ಹೇಗೆ? ಛಂದಸ್ಸಿನ ವಿಷಯ ಬರಲಿಲ್ಲ. ಆಮೇಲೆ ನೀವು ಪ್ರಾಮಾಣಿಕ ಅಂದಾಗ ಣಕಾರ ಅಷ್ಟು ಶುದ್ಧ ಇರಲಿಲ್ಲ.”

ಗಿರಿರಾಜ್ ಪೆಚ್ಚಾಗಿ ಕೂರಲು ಹೋದರು. ಆಗ ಮೊದಲ ಬೆಂಚಿನಲ್ಲಿ ಚೈತನ್ಯಾ ಎದ್ದಳು.

“ಸಾರ್, ತಲೆಯಾಡಿಸಿ.”

“ಕೂತ್ಕೋಮ್ಮ. ನಿಮ್ಮಪ್ಪ ಅಂತ ನಿನಗೆ ಹಾಗನ್ಸುತ್ತೆ.”

“ಅಪ್ಪ ಅಂತಲ್ಲ ಸಾರ್. ನೀವು ತಲೆಯಾಡಿಸಿದ್ರೆ ಈ ಪಿರಿಯಡ್ ಹೋಗ್ಬಹುದು, ನನಗೆ ಗೊತ್ತು. ನನಗೆ ಇದು ಬೇಕು. ರೋಬೋಟಿಕ್ಸ್ ಬೇಕಾದ್ರೆ ನಾನು ಮನೇಲೇ ಕಲೀಬಹುದು, ಇದನ್ನ ಮನೇಲಿ ಯಾರು ಹೇಳ್ಕೊಡ್ತಾರೆ? ಆದ್ರೆ ಅವರು ಸರಿಯಾಗೇ ಹೇಳಿದ್ರು.” ಅವಳ ದನಿ ಸಣ್ಣಗಾಯಿತು. “ನಿಮ್ಮ ಮುಖದಲ್ಲೇ ಗೊತ್ತಾಯ್ತು ಸಾರ್. ಯಾರೂ ತಪ್ಪು ಹಿಡಿಯಲ್ಲ ಅಂದಾಗ ನೀವು ಕಣ್ಣು ಮುಚ್ಕೊಂಡ್ರಿ. ಪದ್ಯ ಚೆನ್ನಾಗಿದ್ದಾಗ ಮಾತ್ರ ನೀವು ಹಾಗೆ ಮಾಡೋದು.”

ಹಿಂದಿನಿಂದ ಕಶ್ಯಪ್ ಅಂದ, “ಹೌದು ಸಾರ್. ಣಕಾರ ಕೂಡ ಸರಿಯಾಗೇ ಇತ್ತು.”

ಗಿರಿರಾಜ್ ಮಗಳನ್ನೇ ನೋಡುತ್ತಿದ್ದರು. ತಮ್ಮ ಪರವಾಗಿ ನಿಂತಳು ಅಂತಲ್ಲ, ತನಗೆ ಬೇಕಾದದ್ದರ ವಿರುದ್ಧ ನಿಂತಳು ಅಂತ. ಅವರಿಗೆ ಅದು ಗೊತ್ತಾಯಿತು ಅಂತ ನನಗೆ ಗೊತ್ತಾಯಿತು. ಇಂಥ ಹುಡುಗಿಯನ್ನು ತಯಾರು ಮಾಡಲು ದೇವರಿಗೆ ಒಂದು ಯುಗ ಬೇಕು, ನಾನು ಒಂದೂವರೆ ವರ್ಷದಲ್ಲಿ ಮಾಡಿದ್ದೆ. ಆ ಹೆಮ್ಮೆ ಬಂದ ಕ್ಷಣವೇ ಬೇರೆ ದಾರಿ ಮುಚ್ಚಿತು. ಅವಳು ಸರಿ ಅಂತಾದರೆ ನಾನು ತಲೆಯಾಡಿಸಬೇಕು. ಅವಳು ತಪ್ಪು ಅಂದರೆ ನನ್ನ ಇಪ್ಪತ್ತು ವರ್ಷದ ಪಾಠವೇ ಸುಳ್ಳು.

ತಲೆಯಾಡಿಸಿದೆ. ಎಷ್ಟು ಜೋರಾಗಿ ಅಂದರೆ ಕನ್ನಡಕ ಹಾರಿ ಎರಡನೇ ಬೆಂಚಿನ ಮೇಲೆ ಬಿತ್ತು.

ಮುಂದಿನ ಶನಿವಾರ ಸಮಿತಿ ಮತ್ತೆ ಕೂತಿತು. ಈ ಸಲ ಕಮಲಾಕ್ಷಮ್ಮ ವೋಟು ಮುಗಿಯುವವರೆಗೆ ತಿಂಡಿ ಒಳಗೆ ಬರಕೂಡದು ಅಂತ ಹೇಳಿದ್ದರು. ಬಸವಲಿಂಗಪ್ಪ ಉಪವಾಸ ವ್ರತ ಹಿಡಿದವರ ಹಾಗೆ ಕೂತಿದ್ದರು. ಗಿರಿರಾಜ್ ಮೊದಲು ನನ್ನ ಪಕ್ಷವನ್ನು ಎಲ್ಲರಿಗೂ ಮತ್ತೆ ಹೇಳಿದರು. ಆಮೇಲೆ ಖಂಡನೆ.

“ಮೇಷ್ಟ್ರ ಮಾತೆಲ್ಲ ನಿಜ. ಆದರೆ ಇದು ಮೇಷ್ಟ್ರ ಕಂಠದ ಮೇಲೆ ನಿಂತಿದೆ. ನಾಳೆ ಅವರಿಗೆ ನೆಗಡಿಯಾದ್ರೆ ಪಿರಿಯಡ್ಡಿಗೂ ನೆಗಡಿ. ನಾನು ಕೊನೇ ಬೆಂಚಿನಲ್ಲಿ ಕೂತು ನೋಡಿದೀನಿ, ವಾದಕ್ಕೆ ಏಳೋದು ಮುಂದಿನ ಎರಡು ಬೆಂಚು. ಹಿಂದೆ ಕೂತೋರು ಕೇಳಿಸ್ಕೊಂಡು ನಗ್ತಾರೆ, ಅಷ್ಟೆ. ಅವರಲ್ಲಿ ಎಷ್ಟೋ ಜನಕ್ಕೆ ಕೈಗೆ ಒಂದು ಸ್ಕ್ರೂಡ್ರೈವರ್ ಕೊಟ್ರೆ ಬಾಯಿ ಬರುತ್ತೆ. ನಾಲ್ಕನ್ನೂ ತೆಗೀರಿ ಅಂದಿದ್ದೆ, ಆ ಮಾತು ವಾಪಸ್. ಎರಡು ಪಿರಿಯಡ್ ಪದ್ಯಕ್ಕೆ, ಎರಡು ಮಿಷನ್ನಿಗೆ. ಹಿಂದಿನ ಬೆಂಚು ಮುಂದಕ್ಕೆ ಬರಬೇಕು. ಮತ್ತೆ ಇನ್ನೊಬ್ಬ ಮೇಷ್ಟ್ರನ್ನ ಕೆಂಚಪ್ಪನವರೇ ತಯಾರು ಮಾಡಬೇಕು.”

ಎಲ್ಲರೂ ನನ್ನನ್ನು ನೋಡಿದರು. ನನ್ನ ಕಂಠಕ್ಕೆ ನೆಗಡಿಯಾಗುವುದೇ ಇಲ್ಲ, ನೆಗಡಿಗೇ ಹೆದರಿಕೆ. ಅದನ್ನು ಹೇಳಬೇಕು ಅಂತ ಬಾಯಿ ತೆರೆದೆ. ಕೊನೆಯ ಬೆಂಚಿನ ಮುಖಗಳು ಕಣ್ಣ ಮುಂದೆ ಬಂದವು. ಅಲ್ಲಿ ಕೂತವರ ಹೆಸರು ಹೇಳಿ ಅಂದರೆ ನನಗೆ ಬರುತ್ತಿತ್ತೋ ಇಲ್ಲವೋ.

“ಮೇಷ್ಟ್ರೇ, ಉತ್ತರ ಇದೆಯಾ?” ಕಮಲಾಕ್ಷಮ್ಮ ಕೇಳಿದರು.

“ಇಲ್ಲ” ಅಂದೆ. ನನ್ನ ಜೀವಮಾನದ ಅತ್ಯಂತ ಚಿಕ್ಕ ಭಾಷಣ.

ವೋಟು ಎರಡು ನಿಮಿಷದಲ್ಲಿ ಮುಗಿಯಿತು. ಎರಡು ಪಿರಿಯಡ್ ಹೋಯಿತು, ಎರಡು ಉಳಿಯಿತು. ಬಸವಲಿಂಗಪ್ಪ ಬಾಗಿಲ ಕಡೆಗೆ ಓಡಿದರು. ಗಿರಿರಾಜ್ ಹತ್ತಿರ ಬಂದು, “ಬೇಜಾರಾ ಮೇಷ್ಟ್ರೇ?” ಅಂದರು.

“ಎರಡು ಪಿರಿಯಡ್ಡಿನಲ್ಲಿ ನಾನು ಹೇಳೋದು ಬೇರೆಯವರು ಎಂಟರಲ್ಲಿ ಹೇಳೋಕಾಗಲ್ಲ. ಲೆಕ್ಕ ಹಾಕಿದ್ರೆ ನನಗೇ ಲಾಭ.”

“ಒಂದು ಕೇಳಲಾ? ಆ ಸೇನಾಪತಿ ಮಾಡಿದ್ದು ಸರಿಯೋ ತಪ್ಪೋ?”

“ನಿಮಗೆ ಏನನ್ಸುತ್ತೆ?”

“ಎರಡು ಕುದುರೆಯನ್ನೂ ಒಟ್ಟಿಗೆ ಇಳಿಸಬಹುದಿತ್ತಲ್ಲ. ಕೆರೆ ಅಗಲವಾಗೇ ಇರುತ್ತೆ.”

ಇಷ್ಟು ವರ್ಷದಲ್ಲಿ ಒಬ್ಬನೂ ಹೇಳದ ಮಾತು. ನನಗೂ ಹೊಳೆದಿರಲಿಲ್ಲ, ಆದರೆ ಹೊಳೆದಿತ್ತು ಅನ್ನುವ ಮುಖ ಮಾಡಿದೆ. ಸೋಮವಾರ ಕ್ಲಾಸಿಗೆ ಹೋಗಿ ಕೊನೆಯ ಎರಡು ಬೆಂಚಿನವರನ್ನು ಮುಂದಕ್ಕೆ ಕರೆದು ಕೂರಿಸಿದೆ. ಚೈತನ್ಯಾಳನ್ನು ಹಿಂದಕ್ಕೆ ಕಳಿಸಿದೆ. ಅವಳು ಚೀಲ ಎತ್ತಿಕೊಂಡು ಹೋಗುವಾಗ, “ಸಾರ್, ನಿಮಗೆ ಕೋಪಾನಾ?” ಅಂತ ಮೆಲ್ಲಗೆ ಕೇಳಿದಳು.

“ಕೋಪ ಇದ್ದಿದ್ರೆ ಬಸವೇಶ್ವರನಗರ ಉಳೀತಿತ್ತಾ? ಹಿಂದಿನಿಂದ ಕೇಳಿಸುತ್ತಾ ನೋಡು, ಅದಕ್ಕೆ ಕಳಿಸಿದ್ದು.”

ಎದುರಿಗೆ, ಅಲ್ಲಿಯವರೆಗೆ ಒಂದು ಮಾತೂ ಆಡದಿದ್ದ ಹುಡುಗಿಯೊಬ್ಬಳು ಕೂತಿದ್ದಳು. ಹೆಸರು ಕೇಳಿದೆ. ವಚನಾ ಅಂದಳು. ಕುದುರೆಯ ಪದ್ಯವನ್ನು ಓದು ಅಂದೆ. ರಾಗ ಬರಲ್ಲ ಸಾರ್ ಅಂದಳು. ರಾಗವಿಲ್ಲದೆ ಓದು ಅಂದೆ. ಓದಿದಳು, ಮೊದಲ ಸಾಲಿನಲ್ಲೇ ಒಂದು ಪದದ ಹತ್ತಿರ ನಿಂತಳು. ಯಾರೂ ಅವಳಿಗೆ ಹೇಳಿಕೊಡಲಿಲ್ಲ. ನಾನೂ ಹೇಳಿಕೊಡಲಿಲ್ಲ, ಬಾಯಿ ಮುಚ್ಚಿಕೊಂಡು ಕಾದೆ. ನನ್ನಂಥವನಿಗೆ ಅದು ಎಂಥ ಸಾಹಸ ಅಂತ ನಿಮಗೆ ಗೊತ್ತಾಗಲಿಕ್ಕಿಲ್ಲ. ಅವಳು ಆ ಪದವನ್ನು ಇನ್ನೊಂದು ಸಲ ಓದಿದಳು, ಎರಡಾಗಿ ಒಡೆದಳು, ತಲೆಯೆತ್ತಿ ನೋಡಿ, ಮುಂದಿನ ಸಾಲಿಗೆ ಹೋದಳು.